ಬೈಕ್‌ಗೆ ಫಾಗ್ ಲೈಟ್, ಹಾರ್ನ್, ಚಾರ್ಜರ್: ವೈರಿಂಗ್ ಮಾಡುವ ಸರಿಯಾದ ಕ್ರಮ

ಫಾಗ್ ಲೈಟ್ ಹಾಕಿಸಿದ ಮೇಲೆ ಬೆಳಿಗ್ಗೆ ಬೈಕ್ ಸ್ಟಾರ್ಟ್ ಆಗುವುದಿಲ್ಲ. ಹಾರ್ನ್ ಒತ್ತಿದರೆ ಹೆಡ್‌ಲೈಟ್ ಮಂಕಾಗುತ್ತದೆ. ಮಳೆ ಬಂದರೆ ಫ್ಯೂಸ್ ಹೋಗುತ್ತದೆ. ಇಂಥ ದೂರು ಬಂದಾಗ ಎಲ್ಲರೂ ಬೈಯುವುದು ಲೈಟಿಗೆ ಅಥವಾ ಹಾರ್ನಿಗೆ. ಆದರೆ ಹೆಚ್ಚಿನ ಸಲ ತಪ್ಪು ಇರುವುದು ವೈರಿನಲ್ಲಿ. ಹತ್ತಿರ ಸಿಕ್ಕ ಯಾವುದೋ ವೈರನ್ನು ಸುಲಿದು, ಹೊಸದನ್ನು ಸುತ್ತಿ, ಮೇಲೆ ಟೇಪ್ ಹಾಕಿ ಬಿಟ್ಟಿರುತ್ತಾರೆ.

ಈ ಕೆಲಸಕ್ಕೆಲ್ಲ ಒಂದೇ ಸೂತ್ರ. ಕಂಪನಿ ವೈರಿಂಗ್‌ನಿಂದ ಸಿಗ್ನಲ್ ಮಾತ್ರ ತೆಗೆದುಕೊಳ್ಳಿ, ಕರೆಂಟನ್ನು ಬ್ಯಾಟರಿಯಿಂದಲೇ ತನ್ನಿ. ಕಂಪನಿ ಹಾಕಿದ ಪ್ರತಿ ವೈರೂ ಅದರ ಕೆಲಸಕ್ಕೆ ತಕ್ಕಷ್ಟೇ ದಪ್ಪ ಇರುತ್ತದೆ. ಅದರ ಮೇಲೆ ಹೊಸ ಹೊರೆ ಹೊರಿಸಿದರೆ ವೈರ್ ಬಿಸಿಯಾಗುತ್ತದೆ, ಕನೆಕ್ಟರ್ ಕರಗುತ್ತದೆ. ಹೊಸ ಸಾಮಾನಿಗೆ ಹೊಸ ದಾರಿ ಮಾಡಿಕೊಟ್ಟರೆ ಏನಾದರೂ ಕೆಟ್ಟಾಗಲೂ ಆ ಸಾಮಾನು ಮಾತ್ರ ನಿಲ್ಲುತ್ತದೆ, ಬೈಕ್ ಓಡುತ್ತಿರುತ್ತದೆ. ರಾತ್ರಿ ಹೊತ್ತು ಊರಾಚೆ ಇರುವಾಗ ಇದರ ಬೆಲೆ ಗೊತ್ತಾಗುತ್ತದೆ.

ಮೊದಲು ಲೆಕ್ಕ

ಬೈಕಿನ ಬ್ಯಾಟರಿ ಮುಖ್ಯವಾಗಿ ಸ್ಟಾರ್ಟ್ ಮಾಡಲು ಇರುವುದು. ಓಡುವಾಗ ಎಲ್ಲಕ್ಕೂ ಕರೆಂಟ್ ಕೊಡುವುದು ಎಂಜಿನ್ ಒಳಗಿನ ಸ್ಟೇಟರ್. ಅದು ಎಸಿ ಕರೆಂಟ್ ಹುಟ್ಟಿಸುತ್ತದೆ. ರೆಗ್ಯುಲೇಟರ್ ರೆಕ್ಟಿಫೈಯರ್ ಅದನ್ನು ಡಿಸಿ ಮಾಡಿ, ಸುಮಾರು 14 ವೋಲ್ಟ್‌ನಲ್ಲಿ ಹಿಡಿದಿಡುತ್ತದೆ. ಸ್ಟೇಟರ್‌ಗೆ ಒಂದು ಮಿತಿ ಇದೆ. ಸಣ್ಣ ಬೈಕುಗಳಲ್ಲಿ ಅದು 100ರಿಂದ 200 ವ್ಯಾಟ್ ಆಸುಪಾಸು, ದೊಡ್ಡ ಟೂರಿಂಗ್ ಬೈಕುಗಳಲ್ಲಿ 400 ವ್ಯಾಟ್ ದಾಟುವುದೂ ಉಂಟು. ನಿಮ್ಮದು ಎಷ್ಟು ಅಂತ ಸರ್ವಿಸ್ ಮ್ಯಾನುಯಲ್‌ನಲ್ಲಿ ನೋಡಿ. ಇದರಲ್ಲಿ ದೊಡ್ಡ ಪಾಲು ಹೆಡ್‌ಲೈಟ್, ಇಗ್ನಿಷನ್, ಪೆಟ್ರೋಲ್ ಪಂಪ್, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇವುಗಳಿಗೇ ಹೋಗುತ್ತದೆ. ಉಳಿದದ್ದಷ್ಟೇ ನಿಮ್ಮದು.

ವ್ಯಾಟ್ ಅನ್ನು ವೋಲ್ಟ್‌ನಿಂದ ಭಾಗಿಸಿದರೆ ಆಂಪ್ ಸಿಗುತ್ತದೆ. 20 ವ್ಯಾಟಿನ ಎರಡು ಎಲ್‌ಇಡಿ ಲೈಟ್ ಅಂದರೆ 40 ವ್ಯಾಟ್. ಅದನ್ನು 13.5ರಿಂದ ಭಾಗಿಸಿದರೆ ಸುಮಾರು 3 ಆಂಪ್. 30 ವ್ಯಾಟ್ ಕೊಡುವ ಫೋನ್ ಚಾರ್ಜರ್ ತನ್ನ ನಷ್ಟವೂ ಸೇರಿ ಎರಡೂವರೆ ಆಂಪ್ ಎಳೆಯಬಹುದು. ಬಿಸಿ ಮಾಡುವ ಹ್ಯಾಂಡಲ್ ಗ್ರಿಪ್ ಮೂರರಿಂದ ನಾಲ್ಕು ಆಂಪ್. ಜೋಡಿ ಹಾರ್ನ್ ಒತ್ತಿದಾಗ 8ರಿಂದ 10 ಆಂಪ್ ಬೇಕಾಗುತ್ತದೆ. ಆದರೆ ಅದು ಕೆಲವೇ ಸೆಕೆಂಡ್, ಹಾಗಾಗಿ ಸ್ಟೇಟರ್ ಲೆಕ್ಕದಲ್ಲಿ ಹಾರ್ನ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ವೈರಿನ ದಪ್ಪ ಮತ್ತು ಫ್ಯೂಸ್ ಆರಿಸುವಾಗ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ.

ಹಳೇ ಸಣ್ಣ ಬೈಕ್ ಇದ್ದರೆ ಇನ್ನೊಂದು ವಿಷಯ ನೋಡಿ. ಕೆಲವದರಲ್ಲಿ ಹೆಡ್‌ಲೈಟ್ ಸ್ಟೇಟರಿನಿಂದ ನೇರವಾಗಿ ಎಸಿ ಕರೆಂಟಿನಲ್ಲಿ ಉರಿಯುತ್ತದೆ. ಎಂಜಿನ್ ಆಫ್ ಇದ್ದಾಗ ಹೆಡ್‌ಲೈಟ್ ಹತ್ತದೆ, ರೇಸ್ ಕೊಟ್ಟಂತೆ ಬೆಳಕು ಜಾಸ್ತಿಯಾದರೆ ಅದು ಆ ಜಾತಿಯದು. ಆ ವೈರಿಗೆ ಎಲ್‌ಇಡಿಯಾಗಲಿ ಚಾರ್ಜರ್ ಆಗಲಿ ಕೊಡಬೇಡಿ, ಸುಟ್ಟುಹೋಗುತ್ತವೆ.

ವೈರ್ ಮತ್ತು ಫ್ಯೂಸ್

ಮನೆ ವೈರಿಂಗ್‌ಗೆ ಬಳಸುವ ಗಟ್ಟಿ ಒಂಟಿ ಎಳೆಯ ವೈರ್ ಬೈಕಿಗೆ ಬೇಡ. ಎಂಜಿನ್ ಅದುರುವಿಕೆಗೆ ಅದು ಒಳಗೇ ತುಂಡಾಗುತ್ತದೆ. ಸಣ್ಣ ಎಳೆಗಳು ಜಾಸ್ತಿ ಇರುವ, ಶುದ್ಧ ತಾಮ್ರದ ಆಟೋ ವೈರ್ ತನ್ನಿ. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಅಗ್ಗದ ವೈರೂ ಸಿಗುತ್ತದೆ. ಎಳೆಯ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬಿಳಿ ಕಂಡರೆ ವಾಪಸ್ ಕೊಡಿ.

ದಪ್ಪ ಎಷ್ಟಿರಬೇಕು? 1 ಸ್ಕ್ವೇರ್ ಎಂಎಂ ತಾಮ್ರದ ವೈರ್ ಹೋಗಿ ಬರುವ ದಾರಿ ಸೇರಿ 3 ಮೀಟರ್ ಇದೆ, ಅದರಲ್ಲಿ 10 ಆಂಪ್ ಹರಿಯುತ್ತಿದೆ ಅಂದುಕೊಳ್ಳಿ. ವೈರಿನಲ್ಲೇ ಅರ್ಧ ವೋಲ್ಟ್ ಕಳೆದುಹೋಗುತ್ತದೆ. ಅದೇ ಜಾಗದಲ್ಲಿ 0.5 ಸ್ಕ್ವೇರ್ ಎಂಎಂ ಹಾಕಿದರೆ ಪೂರ್ತಿ 1 ವೋಲ್ಟ್ ಹೋಗುತ್ತದೆ, ಹಾರ್ನ್ ಗಂಟಲು ಕಟ್ಟಿದ ಹಾಗೆ ಕೂಗುತ್ತದೆ. ಅದಕ್ಕೇ ಚಾರ್ಜರ್ ಮತ್ತು ಸಣ್ಣ ಎಲ್‌ಇಡಿಗೆ 1, ಜೋಡಿ ಹಾರ್ನಿಗೆ 1.5, ಎಲ್ಲದಕ್ಕೂ ಸೇರಿ ಒಂದೇ ಮುಖ್ಯ ವೈರ್ ಎಳೆಯುವುದಾದರೆ 2.5 ಸ್ಕ್ವೇರ್ ಎಂಎಂ ಹಾಕಿ. ರಿಲೇ (ಕರೆಂಟಿನಿಂದ ಒತ್ತುವ ಸ್ವಿಚ್, ಮುಂದೆ ಹೇಳುತ್ತೇನೆ) ಅದರ ಸಿಗ್ನಲ್ ವೈರಿಗೆ 0.5 ಸಾಕು.

ಫ್ಯೂಸ್ ಇರುವುದು ವೈರನ್ನು ಕಾಪಾಡಲು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅದರ ಜಾಗ ಎಲ್ಲಿ ಅನ್ನುವುದೂ ತಾನಾಗೇ ಗೊತ್ತಾಗುತ್ತದೆ. ಬ್ಯಾಟರಿ ಪ್ಲಸ್‌ನಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಬೇಕು. ಲೈಟಿನ ಪಕ್ಕ ಫ್ಯೂಸ್ ಹಾಕಿದರೆ ಬ್ಯಾಟರಿಯಿಂದ ಅಲ್ಲಿವರೆಗಿನ ವೈರಿಗೆ ರಕ್ಷಣೆಯೇ ಇಲ್ಲ. ಟ್ಯಾಂಕ್ ಕೆಳಗೆ ಆ ವೈರ್ ಉಜ್ಜಿ ಫ್ರೇಮಿಗೆ ತಾಗಿದರೆ ಬ್ಯಾಟರಿಯ ಪೂರ್ತಿ ಕರೆಂಟ್ ಅದರಲ್ಲೇ ಹರಿದು ಬೆಂಕಿ ಹತ್ತಬಹುದು, ಅದೂ ಪೆಟ್ರೋಲ್ ಟ್ಯಾಂಕ್ ಕೆಳಗೆ.

ಫ್ಯೂಸಿನ ಅಳತೆ ಸಾಮಾನು ಎಳೆಯುವ ಕರೆಂಟಿಗಿಂತ ಕಾಲು ಭಾಗದಿಂದ ಅರ್ಧ ಭಾಗ ಜಾಸ್ತಿ ಇರಲಿ, ವೈರ್ ತಡೆಯುವುದಕ್ಕಿಂತ ಕಮ್ಮಿ ಇರಲಿ. 3 ಆಂಪಿನ ಲೈಟ್ ಜೋಡಿಗೆ ಸುಲಭವಾಗಿ ಸಿಗುವ ಹತ್ತಿರದ ಅಳತೆ 5 ಆಂಪ್, 10 ಆಂಪಿನ ಹಾರ್ನಿಗೆ 15. ಬ್ಲೇಡ್ ಫ್ಯೂಸಿನ ಬಣ್ಣವೇ ಅಳತೆ ಹೇಳುತ್ತದೆ. 5 ಅಂದರೆ ತೆಳು ಕಂದು, 7.5 ಗಾಢ ಕಂದು, 10 ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಫ್ಯೂಸ್ ಮತ್ತೆ ಮತ್ತೆ ಹೋಗುತ್ತಿದ್ದರೆ ದೊಡ್ಡದು ಹಾಕಬೇಡಿ. ಎಲ್ಲೋ ವೈರ್ ತಾಗುತ್ತಿದೆ ಅಥವಾ ಲೆಕ್ಕ ತಪ್ಪಿದೆ ಅಂತ ಅರ್ಥ. ಹುಡುಕಿ.

ರಿಲೇಯ ನಾಲ್ಕು ಕಾಲು

ರಿಲೇ ಕಂಡರೆ ಅನೇಕರಿಗೆ ಭಯ. ನಿಜವಾಗಿ ಅದು ಸಣ್ಣ ಕರೆಂಟಿನಿಂದ ಒತ್ತುವ ದೊಡ್ಡ ಸ್ವಿಚ್, ಅಷ್ಟೇ. ಒಳಗೊಂದು ಸುರುಳಿ ಇದೆ. ಅದಕ್ಕೆ ಕರೆಂಟ್ ಕೊಟ್ಟರೆ ಅಯಸ್ಕಾಂತವಾಗಿ ಒಂದು ಲೋಹದ ಪಟ್ಟಿಯನ್ನು ಎಳೆಯುತ್ತದೆ, ದೊಡ್ಡ ದಾರಿ ಕೂಡಿಕೊಳ್ಳುತ್ತದೆ. ಟಕ್ ಅಂತ ಕೇಳುವುದು ಆ ಪಟ್ಟಿಯ ಸದ್ದು. ಸುರುಳಿ ಎಳೆಯುವುದು ಸುಮಾರು 0.15 ಆಂಪ್ ಮಾತ್ರ. ಹಾಗಾಗಿ ಕಂಪನಿ ವೈರಿನಿಂದ ಅಷ್ಟು ತೆಗೆದರೆ ಅದಕ್ಕೆ ಏನೂ ಆಗುವುದಿಲ್ಲ.

ರಿಲೇಯನ್ನು ತಿರುಗಿಸಿ ನೋಡಿದರೆ ಕಾಲುಗಳ ಪಕ್ಕ ಅಂಕಿ ಇರುತ್ತದೆ. 30ಕ್ಕೆ ಬ್ಯಾಟರಿ ಪ್ಲಸ್, ಫ್ಯೂಸ್ ಮೂಲಕ. 87ರಿಂದ ಲೈಟಿಗೆ ಅಥವಾ ಹಾರ್ನಿಗೆ. 86ಕ್ಕೆ ಸಿಗ್ನಲ್, 85ಕ್ಕೆ ಅರ್ಥ್, ಅಂದರೆ ಬ್ಯಾಟರಿ ಮೈನಸ್‌ಗೆ ಹೋಗುವ ವೈರ್. ಐದು ಕಾಲಿನ ರಿಲೇ ಕೊಂಡರೆ ಮಧ್ಯದಲ್ಲಿ 87ಎ ಇರುತ್ತದೆ. ರಿಲೇ ಆಫ್ ಇದ್ದಾಗ ಅದಕ್ಕೇ ಕರೆಂಟ್ ಹೋಗುತ್ತಿರುತ್ತದೆ. ಅದನ್ನು ಖಾಲಿ ಬಿಡಿ, ಆದರೆ ಬೇರೇನಕ್ಕೂ ತಾಗದಂತೆ ಮುಚ್ಚಿಡಿ. ಒಳಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಇರುವ ರಿಲೇ ಆದರೆ 86 ಪ್ಲಸ್, 85 ಮೈನಸ್ ಅಂತ ಕಟ್ಟುನಿಟ್ಟಾಗಿ ಪಾಲಿಸಬೇಕು. ಅದಿಲ್ಲದ ರಿಲೇಯಲ್ಲಿ ಅದಲು ಬದಲಾದರೂ ನಡೆಯುತ್ತದೆ.

ಹ್ಯಾಂಡಲ್ ಮೇಲಿನ ಹೊಸ ಸ್ವಿಚ್ಚನ್ನು 86ರ ಸಿಗ್ನಲ್ ವೈರಿನ ಮಧ್ಯೆ ಹಾಕಿ. ಆಗ ಸ್ವಿಚ್ಚಿನಲ್ಲಿ ಹರಿಯುವುದೂ ಅದೇ ಸಣ್ಣ ಕರೆಂಟ್, ಬಹಳ ಕಾಲ ಬಾಳುತ್ತದೆ.

ಸಿಗ್ನಲ್ ಎಲ್ಲಿಂದ ತರುವುದು?

ಕೀ ಆನ್ ಮಾಡಿದಾಗ ಮಾತ್ರ 12 ವೋಲ್ಟ್ ಬರುವ ವೈರ್ ಬೇಕು. ಸಾಮಾನ್ಯವಾಗಿ ಪಾರ್ಕಿಂಗ್ ಲೈಟ್ ಅಥವಾ ನಂಬರ್ ಪ್ಲೇಟ್ ಲೈಟಿನ ವೈರ್ ಅನುಕೂಲ. ಫಾಗ್ ಲೈಟ್ ಹೈ ಬೀಮ್ ಜೊತೆಗೇ ಉರಿಯಬೇಕು ಅಂದರೆ ಹೈ ಬೀಮ್ ವೈರ್ ತೆಗೆದುಕೊಳ್ಳಿ. ಸ್ಟಾರ್ಟರ್ ಒತ್ತಿದಾಗ ಹೆಡ್‌ಲೈಟ್ ಆರುವ ಬೈಕ್ ನಿಮ್ಮದಾದರೆ ಹೆಡ್‌ಲೈಟ್ ವೈರೇ ಒಳ್ಳೆಯ ಸಿಗ್ನಲ್. ಸ್ಟಾರ್ಟ್ ಮಾಡುವ ಹೊತ್ತಿಗೆ ಹೊಸ ಸಾಮಾನುಗಳೂ ತಾವಾಗೇ ಆರಿ ಬ್ಯಾಟರಿಯ ಪೂರ್ತಿ ಶಕ್ತಿ ಸ್ಟಾರ್ಟರ್‌ಗೆ ಸಿಗುತ್ತದೆ. ಇಗ್ನಿಷನ್, ಪೆಟ್ರೋಲ್ ಪಂಪ್, ಎಬಿಎಸ್, ಇಸಿಯು ವೈರುಗಳನ್ನು ಮುಟ್ಟಲೇಬೇಡಿ.

ವೈರಿನ ಬಣ್ಣ ನೋಡಿ ನಂಬಬೇಡಿ, ಮಲ್ಟಿಮೀಟರ್ ಹಿಡಿಯಿರಿ. 20 ವೋಲ್ಟ್ ಡಿಸಿಗೆ ಇಟ್ಟು ಕಪ್ಪು ಮೊನೆಯನ್ನು ಬ್ಯಾಟರಿ ಮೈನಸ್‌ಗೆ, ಕೆಂಪು ಮೊನೆಯನ್ನು ಕನೆಕ್ಟರಿನ ಹಿಂಬದಿಯಿಂದ ವೈರ್ ಹೋಗುವ ಸಂದಿಗೆ ತಾಗಿಸಿ. ಕೀ ಆಫ್ ಇದ್ದಾಗ ಸೊನ್ನೆ, ಆನ್ ಮಾಡಿದಾಗ 12ರ ಆಸುಪಾಸು ಬಂದರೆ ಅದೇ ನಿಮ್ಮ ವೈರ್. ವೈರಿನ ಮೈಗೆ ಸೂಜಿ ಚುಚ್ಚಿ ನೋಡುವ ಅಭ್ಯಾಸ ಬೇಡ. ಆ ತೂತಿನಿಂದ ನೀರು ಒಳಗೆ ಹೋಗಿ ತಾಮ್ರ ಹಸಿರುಗಟ್ಟುತ್ತದೆ.

ವೈರ್ ಕತ್ತರಿಸದೆ ಸಿಗ್ನಲ್ ತೆಗೆಯಲು ಕಂಪನಿ ಕನೆಕ್ಟರಿನ ಗಂಡು ಹೆಣ್ಣು ಜೋಡಿ ತಂದು ನಡುವೆ ಸಣ್ಣ ಕವಲು ವೈರ್ ಮಾಡಿಕೊಳ್ಳುವುದು ಎಲ್ಲಕ್ಕಿಂತ ಚೆನ್ನ. ಬೇಡವಾದಾಗ ತೆಗೆದರೆ ಬೈಕ್ ಮೊದಲಿನಂತೆ ಆಗುತ್ತದೆ. ವೈರಿನ ಮೇಲೆ ಕಚ್ಚಿಸಿ ಒತ್ತುವ ಪ್ಲಾಸ್ಟಿಕ್ ಕ್ಲಿಪ್ಪುಗಳು ಸಿಗುತ್ತವೆ. ಅವು ಎಳೆಗಳನ್ನು ಕತ್ತರಿಸುತ್ತವೆ, ನೀರನ್ನೂ ತಡೆಯುವುದಿಲ್ಲ. ಬೈಕಿಗೆ ಅವು ಬೇಡವೇ ಬೇಡ.

ಹೊಸ ದುಬಾರಿ ಬೈಕುಗಳಲ್ಲಿ ಕೆಲವಕ್ಕೆ ಕ್ಯಾನ್ ಬಸ್ ಅನ್ನುವ, ಬೈಕಿನ ಕಂಪ್ಯೂಟರುಗಳು ಮಾತಾಡಿಕೊಳ್ಳುವ ವ್ಯವಸ್ಥೆ ಇದೆ. ಪ್ರತಿ ಲೈಟ್ ಎಷ್ಟು ಕರೆಂಟ್ ಎಳೆಯುತ್ತಿದೆ ಅಂತ ಕಂಪ್ಯೂಟರ್ ಗಮನಿಸುತ್ತಿರುತ್ತದೆ. ಸ್ವಲ್ಪ ವ್ಯತ್ಯಾಸ ಕಂಡರೂ ಆ ಲೈನನ್ನೇ ಆಫ್ ಮಾಡಬಹುದು. ಅಂಥ ಬೈಕಿನಲ್ಲಿ ಕಂಪನಿಯೇ ಕೊಟ್ಟಿರುವ ಆಕ್ಸೆಸರಿ ಕನೆಕ್ಟರ್ ಹುಡುಕಿ, ಸೀಟಿನ ಕೆಳಗೋ ಹೆಡ್‌ಲೈಟ್ ಹಿಂದೋ ಇರುತ್ತದೆ.

ಕೆಲಸ ಶುರು

ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿ, ಆಮೇಲೆ ಪ್ಲಸ್. ಹಾಕುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಬೈಕಿನ ಇಡೀ ಫ್ರೇಮು ಮೈನಸ್ ಆಗಿರುತ್ತದೆ. ಮೈನಸ್ ಕೂಡಿಕೊಂಡಿರುವಾಗಲೇ ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಫ್ರೇಮಿಗೆ ತಾಗಿದರೆ ದೊಡ್ಡ ಕಿಡಿ ಹಾರುತ್ತದೆ, ಕೈ ಸುಡುತ್ತದೆ.

ಆಮೇಲೆ ಸಾಮಾನುಗಳನ್ನು ಅವುಗಳ ಜಾಗದಲ್ಲಿ ಬಿಗಿದು, ವೈರನ್ನು ಸುಮ್ನೆ ಹಾಸಿ ನೋಡಿ. ಕಂಪನಿಯ ಮುಖ್ಯ ವೈರ್ ಕಟ್ಟು ಹೋದ ದಾರಿಯಲ್ಲೇ ಹೋಗುವುದು ಒಳ್ಳೆಯದು. ಸೈಲೆನ್ಸರ್ ಪೈಪು ಮತ್ತು ಸಿಲಿಂಡರ್ ಹೆಡ್‌ನಿಂದ ದೂರ ಇಡಿ. ಹ್ಯಾಂಡಲನ್ನು ಈ ಕೊನೆಯಿಂದ ಆ ಕೊನೆವರೆಗೆ ತಿರುಗಿಸಿ. ಎಲ್ಲೂ ಬಿಗಿಯಾಗಬಾರದು, ಸಿಕ್ಕಿಕೊಳ್ಳಬಾರದು. ಸ್ಟೀರಿಂಗ್ ಕುತ್ತಿಗೆಯ ಹತ್ತಿರ ವೈರ್ ನಜ್ಜುಗುಜ್ಜಾಗುವುದು ತುಂಬಾ ಸಾಮಾನ್ಯ. ಅಲ್ಲಿ ಸ್ವಲ್ಪ ಸಡಿಲು ಬಿಡಿ. ಅಳತೆ ಖಚಿತವಾದ ಮೇಲೆಯೇ ಕತ್ತರಿ ಹಿಡಿಯಿರಿ.

ಇನ್ನು ಜೋಡಣೆ. ಇಡೀ ಕೆಲಸದ ಬಾಳಿಕೆ ನಿಂತಿರುವುದು ಇಲ್ಲಿ. ಮೊದಲು ಹೀಟ್ ಶ್ರಿಂಕ್ ಸ್ಲೀವ್ (ಬಿಸಿಗೆ ಕುಗ್ಗುವ ಕೊಳವೆ) ತುಂಡನ್ನು ವೈರಿಗೆ ಏರಿಸಿ ಹಿಂದೆ ಸರಿಸಿ. ಲಗ್ (ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ತುಂಡು) ಹಾಕಿದ ಮೇಲೆ ನೆನಪಾದರೆ ಮತ್ತೆ ಕತ್ತರಿಸಬೇಕಾಗುತ್ತದೆ. ವೈರಿನ ತುದಿಯಲ್ಲಿ 5ರಿಂದ 6 ಎಂಎಂ ಮಾತ್ರ ಸುಲಿಯಿರಿ. ಒಂದು ಎಳೆಯೂ ತುಂಡಾಗಬಾರದು. ಲಗ್ಗಿನ ಒಳಗೆ ತೂರಿಸಿದಾಗ ತಾಮ್ರದ ತುದಿ ಆ ಕಡೆ ಸ್ವಲ್ಪ ಇಣುಕಬೇಕು, ಇನ್ಸುಲೇಶನ್ ಹಿಂದಿನ ರೆಕ್ಕೆಗಳ ನಡುವೆ ಕೂರಬೇಕು. ಮುಂದಿನ ರೆಕ್ಕೆ ತಾಮ್ರವನ್ನು ಹಿಡಿಯುತ್ತದೆ, ಹಿಂದಿನದು ಇನ್ಸುಲೇಶನ್ನನ್ನು ಹಿಡಿದು ಅದುರುವಿಕೆಯನ್ನು ತಡೆಯುತ್ತದೆ. ಸರಿಯಾದ ಕ್ರಿಂಪಿಂಗ್ ಟೂಲಿನಿಂದಲೇ ಒತ್ತಿ. ಕಟಿಂಗ್ ಪ್ಲೈಯರಿನಿಂದ ಒತ್ತಿದ್ದು ಇವತ್ತು ಹಿಡಿದಂತೆ ಕಂಡರೂ ಆಮೇಲೆ ಸಡಿಲವಾಗುತ್ತದೆ. ಒತ್ತಿದ ಮೇಲೆ ಗಟ್ಟಿಯಾಗಿ ಎಳೆದು ನೋಡಿ. ಬಿಟ್ಟುಬಂದರೆ ಈಗಲೇ ಬರಲಿ. ಕೊನೆಗೆ ಸ್ಲೀವನ್ನು ಮುಂದೆ ಸರಿಸಿ ಬಿಸಿ ಗಾಳಿ ಕೊಡಿ. ಒಳಗೆ ಅಂಟಿರುವ ಜಾತಿಯ ಸ್ಲೀವ್ ಆದರೆ ಅಂಚಿನಿಂದ ಸಣ್ಣ ಅಂಟಿನ ಉಂಗುರ ಹೊರಬರುತ್ತದೆ. ಅದು ಕಂಡರೆ ನೀರು ಒಳಗೆ ಹೋಗುವುದಿಲ್ಲ.

ಸೋಲ್ಡರ್ ಮಾಡಬಾರದಾ ಅಂತ ಕೇಳುವವರಿದ್ದಾರೆ. ಮಾಡಬಹುದು, ಆದರೆ ಸೀಸ ಎಳೆಗಳ ಒಳಗೆ ಹರಿದು ವೈರನ್ನು ಕಡ್ಡಿಯ ಹಾಗೆ ಗಟ್ಟಿ ಮಾಡುತ್ತದೆ. ಆ ಗಟ್ಟಿ ಭಾಗ ಮುಗಿಯುವ ಜಾಗದಲ್ಲೇ ಅದುರಿ ಅದುರಿ ತುಂಡಾಗುತ್ತದೆ. ಸೋಲ್ಡರ್ ಮಾಡಿದರೆ ಎರಡೂ ಕಡೆ ಒಂದೊಂದು ಇಂಚು ದಾಟುವಂತೆ ಸ್ಲೀವ್ ಹಾಕಿ, ಆ ಭಾಗ ಅಲುಗಾಡದಂತೆ ಕಟ್ಟಿ. ನನ್ನ ಆಯ್ಕೆ ಕ್ರಿಂಪೇ.

ಅರ್ಥ್ ವೈರನ್ನು ಪ್ಲಸ್ ವೈರಿನಷ್ಟೇ ದಪ್ಪ ಇಡಿ. ಹೋದ ಕರೆಂಟ್ ಅಷ್ಟೂ ವಾಪಸ್ ಬರಬೇಕಲ್ವಾ. ಬಣ್ಣ ಬಳಿದ ಫ್ರೇಮಿನ ಬೋಲ್ಟಿಗೆ ಸಿಕ್ಕಿಸಿದರೆ ಇವತ್ತು ಹತ್ತುತ್ತದೆ, ತುಕ್ಕು ಹಿಡಿದ ಮೇಲೆ ಮಿಣುಕುತ್ತದೆ. ಎಲ್ಲ ಅರ್ಥ್ ವೈರುಗಳನ್ನೂ ನೇರ ಬ್ಯಾಟರಿ ಮೈನಸ್‌ಗೇ ತನ್ನಿ. ಮೂರ್ನಾಲ್ಕು ಸಾಮಾನು ಇದ್ದರೆ ಬ್ಯಾಟರಿಯ ಮೇಲೆ ಲಗ್ಗುಗಳ ಗುಂಪು ಮಾಡುವ ಬದಲು ಸೀಟಿನ ಕೆಳಗೆ ಒಂದು ಪುಟ್ಟ ಫ್ಯೂಸ್ ಬಾಕ್ಸ್ ಇಡಿ. ಬ್ಯಾಟರಿಯಿಂದ ಒಂದು ದಪ್ಪ ವೈರ್, ಅದಕ್ಕೊಂದು ಮುಖ್ಯ ಫ್ಯೂಸ್, ಬಾಕ್ಸಿನಿಂದ ಪ್ರತಿಯೊಂದಕ್ಕೂ ಬೇರೆ ಫ್ಯೂಸ್.

ವೈರ್ ಕಟ್ಟಿಗೆ ಪಿವಿಸಿ ಸ್ಲೀವ್ ಅಥವಾ ಬಟ್ಟೆ ಜಾತಿಯ ಹಾರ್ನೆಸ್ ಟೇಪ್ ಸುತ್ತಿ. ಸಾಮಾನ್ಯ ಇನ್ಸುಲೇಶನ್ ಟೇಪ್ ಬಿಸಿಗೆ ಅಂಟು ಬಿಟ್ಟು ಜಿಗುಟಾಗಿ ಬಿಚ್ಚಿಕೊಳ್ಳುತ್ತದೆ. ಕೇಬಲ್ ಟೈ ಬಿಗಿಯುವಾಗ ವೈರ್ ಜಾರದಷ್ಟು ಬಿಗಿ ಸಾಕು, ಕತ್ತು ಹಿಸುಕುವಷ್ಟು ಬೇಡ. ರಿಲೇಯನ್ನು ಕಾಲು ಕೆಳಗೆ ಬರುವಂತೆ ಕೂರಿಸಿ, ನೀರು ನಿಲ್ಲುವುದಿಲ್ಲ. ಕನೆಕ್ಟರಿಗೆ ಬರುವ ವೈರನ್ನು ಅದಕ್ಕಿಂತ ಸ್ವಲ್ಪ ಕೆಳಗೆ ಇಳಿಸಿ ಮೇಲಕ್ಕೆ ತಂದರೆ ಮಳೆನೀರು ತಿರುವಿನಲ್ಲೇ ತೊಟ್ಟಿಕ್ಕುತ್ತದೆ.

ಹಾರ್ನಿಗೆ ಒಂದು ಸುಲಭ ದಾರಿ

ಹಾರ್ನಿನ ವಿಷಯದಲ್ಲಿ ಎಡವುವವರು ಜಾಸ್ತಿ. ಹಲವು ಬೈಕುಗಳಲ್ಲಿ ಹಾರ್ನಿನ ಒಂದು ವೈರಿಗೆ ಕೀ ಆನ್ ಆದಾಗಿನಿಂದಲೇ 12 ವೋಲ್ಟ್ ಇರುತ್ತದೆ. ಬಟನ್ ಒತ್ತಿದಾಗ ಇನ್ನೊಂದು ವೈರ್ ಅರ್ಥ್ ಆಗುತ್ತದೆ. ಬೇರೆ ಬೈಕುಗಳಲ್ಲಿ ಬಟನ್ ಪ್ಲಸ್ ಕೊಡುತ್ತದೆ. ನಿಮ್ಮದು ಯಾವುದು ಅಂತ ತಲೆ ಕೆಡಿಸಿಕೊಳ್ಳದೆ ಹೀಗೆ ಮಾಡಿ: ಹಳೇ ಹಾರ್ನಿಗೆ ಬರುತ್ತಿದ್ದ ಎರಡೂ ವೈರುಗಳನ್ನು ಬಿಚ್ಚಿ, ರಿಲೇಯ 85 ಮತ್ತು 86ಕ್ಕೆ ಸಿಕ್ಕಿಸಿ. ಬಟನ್ ಒತ್ತಿದಾಗ ಹಾರ್ನಿಗೆ ಹೋಗುತ್ತಿದ್ದ ಕರೆಂಟ್ ಈಗ ಸುರುಳಿಗೆ ಹೋಗುತ್ತದೆ. ಎರಡೂ ಜಾತಿಯ ವೈರಿಂಗ್‌ಗೂ ಇದು ಸರಿಹೋಗುತ್ತದೆ. ಡಯೋಡ್ ಇರುವ ರಿಲೇಯಲ್ಲಿ ಮಾತ್ರ ಪ್ಲಸ್ ವೈರ್ 86ಕ್ಕೇ ಬರುವಂತೆ ನೋಡಿಕೊಳ್ಳಿ. 30ಕ್ಕೆ 15 ಆಂಪ್ ಫ್ಯೂಸ್ ಮೂಲಕ ಬ್ಯಾಟರಿ, 87ರಿಂದ ಎರಡೂ ಹೊಸ ಹಾರ್ನಿಗೆ, ಹಾರ್ನಿನ ಇನ್ನೊಂದು ಕಾಲಿನಿಂದ ಬ್ಯಾಟರಿ ಮೈನಸ್‌ಗೆ.

ಎಲ್‌ಇಡಿ ಇಂಡಿಕೇಟರ್ ಹಾಕುವವರಿಗೆ

ಇಲ್ಲಿ ಹೊಸ ದಾರಿ ಬೇಕಿಲ್ಲ. ಹಳೇ ವೈರೇ ಸಾಕು, ಹೊರೆ ಕಮ್ಮಿಯೇ ಆಗುತ್ತದೆ. ತೊಂದರೆ ಬರುವುದೂ ಅದರಿಂದಲೇ. ಹಳೇ ಫ್ಲಾಷರ್ 10 ವ್ಯಾಟಿನ ಬಲ್ಬುಗಳ ಕರೆಂಟ್ ಲೆಕ್ಕ ಹಿಡಿದು ಮಿಣುಕಿಸುತ್ತದೆ. ಎಲ್‌ಇಡಿ ಒಂದೆರಡು ವ್ಯಾಟ್ ಎಳೆದಾಗ ಬಲ್ಬ್ ಹೋಗಿದೆ ಅಂದುಕೊಂಡು ಪಟಪಟನೆ ಮಿಣುಕುತ್ತದೆ, ಇಲ್ಲವೇ ಹಾಗೇ ನಿಂತುಬಿಡುತ್ತದೆ. ಎಲ್‌ಇಡಿಗೆ ಹೊಂದುವ ಎಲೆಕ್ಟ್ರಾನಿಕ್ ಫ್ಲಾಷರ್ ಹಾಕಿ. ಬಲ್ಬಿನಷ್ಟೇ ಕರೆಂಟ್ ಎಳೆಯುವ ರೆಸಿಸ್ಟರ್ ಹಾಕುವ ದಾರಿಯೂ ಇದೆ, ಆದರೆ ಅದು ಕೈ ಸುಡುವಷ್ಟು ಬಿಸಿಯಾಗುತ್ತದೆ, ಪ್ಲಾಸ್ಟಿಕ್ ಪಕ್ಕ ಇಡಬಾರದು.

ಮೀಟರಿನಲ್ಲಿ ಎಡ ಬಲ ಎರಡಕ್ಕೂ ಒಂದೇ ಸೂಚಕ ಬಲ್ಬ್ ಇದ್ದರೆ ಹೊಸ ಸಮಸ್ಯೆ. ಎಡಕ್ಕೆ ಹಾಕಿದರೂ ನಾಲ್ಕೂ ಮಿಣುಕುತ್ತವೆ. ಆ ಬಲ್ಬ್ ಎಡ ಮತ್ತು ಬಲ ವೈರುಗಳ ನಡುವೆ ಕೂತಿರುತ್ತದೆ, ಆ ಬಲ್ಬಿನ ಮೂಲಕವೇ ಕರೆಂಟ್ ಆ ಕಡೆಗೆ ದಾಟುತ್ತದೆ. ಎಡ, ಬಲ ವೈರಿಗೆ ಒಂದೊಂದು 1ಎನ್4007 ಡಯೋಡ್ ಹಾಕಿ, ಎರಡರ ಪಟ್ಟಿ ಇರುವ ತುದಿಗಳನ್ನು ಸೇರಿಸಿ ಬಲ್ಬಿನ ಒಂದು ಕಾಲಿಗೆ ಕೊಡಿ. ಇನ್ನೊಂದು ಕಾಲನ್ನು ಅರ್ಥ್ ಮಾಡಿ.

ಪರೀಕ್ಷೆ

ಬ್ಯಾಟರಿ ಕೂಡಿಸುವ ಮೊದಲು ಹೊಸ ಫ್ಯೂಸುಗಳನ್ನೆಲ್ಲ ಹೊರಗಿಡಿ. ಆಮೇಲೆ ಒಂದೊಂದೇ ಹಾಕಿ, ಆ ಸಾಮಾನು ಓಡಿಸಿ ನೋಡಿ. ಎಲ್ಲವೂ ಒಟ್ಟಿಗೆ ಹಾಕಿದರೆ ತಪ್ಪು ಎಲ್ಲಿದೆ ಅಂತ ಗೊತ್ತಾಗುವುದಿಲ್ಲ.

ಎಂಜಿನ್ ಆಫ್ ಇದ್ದು ಸ್ವಲ್ಪ ಹೊತ್ತು ವಿಶ್ರಾಂತಿ ಪಡೆದ, ಪೂರ್ತಿ ಚಾರ್ಜ್ ಆದ ಬ್ಯಾಟರಿ 12.6ರಿಂದ 12.8 ವೋಲ್ಟ್ ತೋರಿಸಬೇಕು. ಎಂಜಿನ್ ಸ್ಟಾರ್ಟ್ ಮಾಡಿ, ಎಲ್ಲ ಲೈಟ್ ಹಾಕಿ, ರೇಸ್ ಸ್ವಲ್ಪ ಏರಿಸಿ ಬ್ಯಾಟರಿಯ ಮೇಲೆ ಅಳೆಯಿರಿ. 13.5 ದಾಟಿದರೆ ನಿಶ್ಚಿಂತೆ. ಐಡಲ್‌ನಲ್ಲಿ ಸ್ವಲ್ಪ ಕೆಳಗಿಳಿದರೆ ಪರವಾಗಿಲ್ಲ. ಆದರೆ ರೇಸ್ ಕೊಟ್ಟರೂ 13ರ ಕೆಳಗೇ ಇದ್ದರೆ ಸ್ಟೇಟರ್ ಕೊಡುವುದಕ್ಕಿಂತ ನೀವು ಎಳೆಯುವುದು ಜಾಸ್ತಿ ಆಗಿರಬಹುದು. ಏನಾದರೂ ಒಂದನ್ನು ಆಫ್ ಮಾಡಿ ಮತ್ತೆ ಅಳೆಯಿರಿ. ಎಲ್ಲ ಆಫ್ ಮಾಡಿದರೂ ಏರದಿದ್ದರೆ ಚಾರ್ಜಿಂಗ್‌ನಲ್ಲೇ ದೋಷ ಇದೆ. ನಂತರ ಲೈಟಿನ ಕನೆಕ್ಟರಿನಲ್ಲೂ ಅಳೆಯಿರಿ. ಬ್ಯಾಟರಿಗೂ ಲೈಟಿಗೂ ಅರ್ಧ ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಯಾವುದೋ ಜೋಡಣೆ ಸಡಿಲ ಅಥವಾ ವೈರ್ ತೆಳು.

ಇನ್ನೊಂದು ಪರೀಕ್ಷೆ, ಬೈಕ್ ನಿಂತಿರುವಾಗ ಬ್ಯಾಟರಿ ಸೋರುತ್ತಿದೆಯಾ ಅಂತ. ಕೀ ಆಫ್ ಮಾಡಿ ಮೈನಸ್ ಬಿಚ್ಚಿ, ಮಲ್ಟಿಮೀಟರನ್ನು 10 ಆಂಪ್ ಸಾಕೆಟ್ಟಿಗೆ ಬದಲಿಸಿ, ಮೈನಸ್ ಕಂಬಕ್ಕೂ ಬಿಚ್ಚಿದ ವೈರಿಗೂ ನಡುವೆ ಹಿಡಿಯಿರಿ. ಈ ಹೊತ್ತಿನಲ್ಲಿ ಕೀ ಆನ್ ಮಾಡಬೇಡಿ, ಸ್ಟಾರ್ಟರ್ ಅಂತೂ ಒತ್ತಲೇಬೇಡಿ. ಕೆಲವು ಮಿಲಿ ಆಂಪ್ ಸಹಜ. ನೇರ ಬ್ಯಾಟರಿಗೆ ಕೊಟ್ಟ ಯುಎಸ್‌ಬಿ ಚಾರ್ಜರ್ ಅದರ ಪುಟ್ಟ ದೀಪಕ್ಕೇ 20 ಮಿಲಿ ಆಂಪ್ ಎಳೆಯುತ್ತಿದ್ದರೂ ದಿನಕ್ಕೆ ಅರ್ಧ ಆಂಪ್ ಅವರ್ ಹೋಗುತ್ತದೆ. 9 ಆಂಪ್ ಅವರ್ ಬ್ಯಾಟರಿ ಮೂರು ವಾರದೊಳಗೆ ಖಾಲಿ. ಚಾರ್ಜರಿಗೂ ರಿಲೇ ಬೇಕು ಅನ್ನುವುದು ಇದಕ್ಕೇ. ಅಳತೆ ಮುಗಿದ ತಕ್ಷಣ ಕೆಂಪು ವೈರನ್ನು ವೋಲ್ಟ್ ಸಾಕೆಟ್ಟಿಗೆ ಮರಳಿಸಿ. ಹಾಗೇ ಬಿಟ್ಟು ಮುಂದಿನ ಸಲ ವೋಲ್ಟ್ ನೋಡಲು ಹೋದರೆ ಮೀಟರ್ ಮೂಲಕ ಬ್ಯಾಟರಿ ನೇರ ಶಾರ್ಟ್ ಆಗುತ್ತದೆ.

ಬೈಕನ್ನು ಗೋಡೆಯ ಮುಂದೆ ನಿಲ್ಲಿಸಿ ಫಾಗ್ ಲೈಟಿನ ಮುಖವನ್ನು ತಗ್ಗಿಸಿಕೊಳ್ಳಿ, ಎದುರು ಬರುವವರ ಕಣ್ಣಿಗೆ ಹೊಡೆಯಬಾರದು. ಲೈಟಿನ ಬಣ್ಣ, ಎತ್ತರದ ಬಗ್ಗೆ ನಿಮ್ಮಲ್ಲಿರುವ ಸಾರಿಗೆ ನಿಯಮವನ್ನೂ ನೋಡಿಕೊಳ್ಳಿ.

ಮೊದಲ ಒಂದೆರಡು ವಾರ ಓಡಿಸಿದ ಮೇಲೆ ಸೀಟು ತೆಗೆದು ಬ್ಯಾಟರಿ ಸ್ಕ್ರೂ ಬಿಗಿ ಇದೆಯಾ ನೋಡಿ. ಫ್ಯೂಸ್ ಹೋಲ್ಡರಿನ ಪ್ಲಾಸ್ಟಿಕ್ ಕಂದಾಗಿದ್ದರೆ ಒಳಗೆ ಹಿಡಿತ ಸಡಿಲವಾಗಿದೆ, ಹೋಲ್ಡರ್ ಬದಲಿಸಿ. ಯಾವ ಬಣ್ಣದ ವೈರ್ ಎಲ್ಲಿಂದ ಎಲ್ಲಿಗೆ, ಯಾವ ಫ್ಯೂಸ್ ಯಾವುದಕ್ಕೆ ಅಂತ ಒಂದು ಹಾಳೆಯಲ್ಲಿ ಬರೆದು, ಪ್ಲಾಸ್ಟಿಕ್ ಕವರಿಗೆ ಹಾಕಿ, ಎರಡು ಹೆಚ್ಚುವರಿ ಫ್ಯೂಸ್ ಜೊತೆಗೆ ಸೀಟಿನ ಕೆಳಗೇ ಇಡಿ.